ಅಲ್ಲಾಳಸಂದ್ರದ ಹೊಸ ಚಿಟ್ಟೆ

ಅರವತ್ತರ ದಶಕದಲ್ಲಿ ನಾನು ಯಲಹಂಕದಿಂದ ಬಸ್ಸಿನಲ್ಲಿ ಪೇಟೆಯ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಇಪ್ಪತ್ತು ಜಾತಿಯ ಚಿಟ್ಟೆ ಹಿಡಿದು, ಡಬ್ಬಿಯಲ್ಲಿ ಗುಂಡುಸೂಜಿ ಚುಚ್ಚಿ ಕೂರಿಸಿ, ಲ್ಯಾಟಿನ್ ಹೆಸರಿನ ಚೀಟಿ ಅಂಟಿಸಿ ಕೊಡಬೇಕಿತ್ತು. ಒಂದು ಕಮ್ಮಿಯಾದರೂ ರೆಕಾರ್ಡಿಗೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ.

ಹತ್ತೊಂಬತ್ತಕ್ಕೆ ಪುಸ್ತಕದಲ್ಲಿ ಹೆಸರು ಸಿಕ್ಕಿತು. ಇಪ್ಪತ್ತನೆಯದು ಕಪ್ಪು ರೆಕ್ಕೆಗೆ ಕೆಂಪು ಚುಕ್ಕೆ ಇಟ್ಟುಕೊಂಡ ಸುಂದರಿ. ಯಾವ ಚಿತ್ರಕ್ಕೂ ಹೊಂದಲಿಲ್ಲ. ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಸಿಕ್ಕಿದ್ದರಿಂದ ‘ಪ್ಯಾಪಿಲಿಯೊ ಅಲ್ಲಾಳಸಂದ್ರೆನ್ಸಿಸ್’ ಎಂದು ನಾನೇ ನಾಮಕರಣ ಮಾಡಿಬಿಟ್ಟೆ. ಅದರ ಪಕ್ಕದಲ್ಲೇ ಬಿಳಿ ಪಟ್ಟೆಯ ಕರಿ ಚಿಟ್ಟೆ, ‘ಪ್ಯಾಪಿಲಿಯೊ ಪಾಲಿಟೀಸ್’, ಕೂತಿತ್ತು.

ದಿನಾ ಬೆಳಗ್ಗೆ ಕರಿಬೇವಿನ ಗಿಡದಿಂದ ಹುಳ ಆರಿಸಿ ಎಸೆಯುತ್ತಿದ್ದ ಅಮ್ಮ ಡಬ್ಬಿಗೆ ಇಣುಕಿದಳು.

“ಈ ಕೆಂಪು ಚುಕ್ಕೇದು ಪಕ್ಕದ್ ಬಿಳಿ ಪಟ್ಟೇದ್ರ ಹೆಂಡ್ತಿ ಕಣೆ. ಒಂದೇ ಥರದ್ ಗೂಡಿಂದ ಎರಡೂ ಬರೋದ್ನ ನೋಡಿದೀನಿ.”

“ನಿಂಗೇನಮ್ಮ ಗೊತ್ತು ಲ್ಯಾಟಿನ್ನು?” ಎಂದು ನಕ್ಕೆ. ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಲೆಕ್ಚರರು ಚೀಟಿ ಓದಿ ಕನ್ನಡಕ ತೆಗೆದರು.

“ಏನಮ್ಮಾ, ಅಲ್ಲಾಳಸಂದ್ರಕ್ಕೆ ಇಷ್ಟು ಮರ್ಯಾದೇನಾ? ಇದು ಪಾಲಿಟೀಸ್ ಹೆಣ್ಣು. ಹಕ್ಕಿಗಳು ಮುಟ್ಟದ ಬೇರೊಂದು ಚಿಟ್ಟೆ ವೇಷ ಹಾಕ್ಕೊಂಡು ಬದುಕುತ್ತೆ. ಮೋಸ ಹೋಗೋದು ಹಕ್ಕಿ, ನಾನಲ್ಲ. ಸೋಮವಾರ ಇನ್ನೊಂದು ತಗೊಂಡ್ ಬಾ.”

ಎರಡು ದಿನ ಬಲೆ ಹಿಡಿದು ಓಡಿದೆ. ಸಿಕ್ಕಿದ್ದೆಲ್ಲ ಹಳೆಯ ಮುಖಗಳೇ. ಭಾನುವಾರ ಸಂಜೆ ಅಳುತ್ತಾ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಲ್ಯಾಟಿನ್ ಓದಿರೋರಿಗೇ ಹಿಂಗಾದ್ರೆ ಹೆಂಗೆ?”

ಆಮೇಲೆ ಹಿತ್ತಲಿಗೆ ಕರೆದೊಯ್ದಳು. ನಿಂಬೆ ಸಸಿಯ ಮೇಲೆ ಬುಟ್ಟಿ ಮುಚ್ಚಿತ್ತು. ಒಳಗೆ ಕಡ್ಡಿಗೆ ಒಂದು ಗೂಡು ಅಂಟಿಕೊಂಡಿತ್ತು.

“ನೀನು ನಕ್ಕ ದಿನಾನೇ ಮುಚ್ಚಿಟ್ಟೆ. ಇದ್ರ ಹುಳಾನೇ ಬೇರೆ ಥರ ಇತ್ತು, ಚಿಟ್ಟೇನೂ ಬೇರೇನೇ ಬರುತ್ತೆ.”

ಬೆಳಗ್ಗೆ ಬುಟ್ಟಿ ಎತ್ತಿದರೆ ಹಳದಿ ಚುಕ್ಕೆಗಳ ಕರಿ ಚಿಟ್ಟೆ ರೆಕ್ಕೆ ಆರಿಸಿಕೊಳ್ಳುತ್ತಿತ್ತು. ಪುಸ್ತಕದಲ್ಲಿ ಸಿಕ್ಕಿತು: ‘ಪ್ಯಾಪಿಲಿಯೊ ಡೆಮೋಲಿಯಸ್’. ಪಾಲಿಟೀಸ್‌ನ ಕುಲವೇ, ಜಾತಿ ಬೇರೆ. ನಾನು ಸೂಜಿ ಎತ್ತಿಕೊಂಡಾಗ, ಅಷ್ಟು ಹುಳ ಎಸೆದ ಅಮ್ಮ ಮುಖ ತಿರುಗಿಸಿದಳು.

ಚೀಟಿಯ ಕೊನೆಗೆ ‘ಸಂಗ್ರಹಿಸಿದವರು’ ಎಂಬ ಸಾಲಿರುತ್ತಿತ್ತು. ಹತ್ತೊಂಬತ್ತರಲ್ಲಿ ನನ್ನ ಹೆಸರು. ಇಪ್ಪತ್ತನೆಯದರಲ್ಲಿ ‘ಅಮ್ಮ’ ಎಂದು ಬರೆದೆ. ಲೆಕ್ಚರರು ಅದನ್ನು ಎರಡು ಸಲ ಓದಿದರು. ಕೆಂಪು ಮಸಿಯ ಪೆನ್ನು ಅವರ ಕೈಯಲ್ಲೇ ಇತ್ತು; ಹೊಡೆದು ಹಾಕದೆ ಸಹಿ ಮಾಡಿದರು.