ಫೋನು ಮೊದಲು ಇಡದ ಮನುಷ್ಯ

ನಮ್ಮ ಮಾಲೀಕರ ಬಲಗಿವಿ ಯಾವಾಗಲೂ ಕೆಂಪಗಿರುತ್ತಿತ್ತು. ಎಡಗಿವಿ ಎಲ್ಲರ ಕಿವಿಯಂತೆಯೇ ಇತ್ತು. ಬಲದ್ದು ಮಾತ್ರ ಮೇಷ್ಟ್ರು ಹಿಡಿದು ಹಿಂಡಿದ ಹಾಗೆ, ಅಂಚು ತುಸು ಮಡಚಿಕೊಂಡಿತ್ತು. ದಿನವಿಡೀ ಫೋನಿನ ರಿಸೀವರ್ ಒತ್ತಿಕೊಂಡು ಕೂತರೆ ಇನ್ನೇನಾಗುತ್ತದೆ? ಆ ಕಿವಿ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬಾಳಗಡಿಯಲ್ಲಿದ್ದ ತಮ್ಮ ದಿನಸಿ ಅಂಗಡಿಯ ಅರ್ಧಕ್ಕೆ ಪ್ಲೈವುಡ್ ಹೊಡೆಸಿ, ಒಂದು ಕಂಪ್ಯೂಟರ್ ತಂದಿಟ್ಟು, ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಮಾರಲು ಹೊರಟಿದ್ದರು. "ನೆಕ್ಕಿ ನೋಡದೆ ಉಪ್ಪಿನಕಾಯಿ ತಗೊಳ್ಳೋರು ಯಾರು ಮಾರಾಯ್ರೆ?" ಎಂದು ಎದುರಿನ ಹೋಟೆಲಿನವರು ನಕ್ಕರೆ, "ಅದಕ್ಕೇ ಅಲ್ವಾ ಫೋನ್ ಇರೋದು" ಎನ್ನುತ್ತಿದ್ದರು.

ನಾನು ಆಗಷ್ಟೇ ಬಿ.ಕಾಂ. ಮುಗಿಸಿದ್ದೆ. ಅಂಕಪಟ್ಟಿ ಹಿಡಿದು ಕೆಲಸ ಕೇಳಲು ಹೋದರೆ ಅದನ್ನು ಬಿಚ್ಚಿಯೂ ನೋಡಲಿಲ್ಲ. "ನಿಮ್ಮನೆಗೆ ನೆಂಟರು ಬಂದ್ರೆ ಮೊದಲು ಎಂತ ಕೇಳ್ತೀರಿ?" ಎಂದರು. "ಆಸರಿಗೆ ಬೇಕಾ ಅಂತ. ಕುಡಿಯೋಕೆ ಕೊಟ್ಟ ಮೇಲೆ ಬಂದ ಕೆಲಸ ಕೇಳೋದು" ಎಂದೆ. "ಸಾಕು. ನಾಳೆಯಿಂದ ಬಾ. ಫೋನಿನಲ್ಲೂ ಹಂಗೇ ಮಾಡು."

ಅವರ ಅಂಗಡಿಯ ಕಾನೂನೆಲ್ಲ ಅಷ್ಟೇ. ಗಿರಾಕಿ ಎಂದರೆ ನೆಂಟ. ಮೊದಲು ಊಟ, ಆರೋಗ್ಯ ವಿಚಾರಿಸಬೇಕು, ಆಮೇಲೆ ಆರ್ಡರ್. ಎಲ್ಲಕ್ಕಿಂತ ದೊಡ್ಡ ಕಾನೂನು, ಫೋನನ್ನು ನಾವು ಮೊದಲು ಇಡಬಾರದು. "ನೆಂಟರು ಅಂಗಳದಾಚೆ ಬೇಲಿಯ ದಣಪೆ ದಾಟಿ ಮರೆಯಾಗೋ ತನಕ ಜಗಲಿಯಲ್ಲಿ ನಿಲ್ತೀವಲ್ಲ? ಬೆನ್ನ ಹಿಂದೆ ಬಾಗಿಲು ಹಾಕ್ತೀವಾ?"

ಮಾತು ಚೆಂದವೇ. ಆದರೆ ಅಂಗಡಿಗೆ ಇದ್ದದ್ದು ಒಂದೇ ಲೈನು! ಫೋನ್ ಎತ್ತಿದರೆ ಇಂಟರ್ನೆಟ್ ಸಾಯುತ್ತಿತ್ತು, ಇಂಟರ್ನೆಟ್ ಹಚ್ಚಿದರೆ ಫೋನ್ ಬರುತ್ತಿರಲಿಲ್ಲ. ಇಂಟರ್ನೆಟ್ ಅಂಗಡಿಯವರು ದಿನಕ್ಕೆ ಆರು ಗಂಟೆ ಇಂಟರ್ನೆಟ್ ಇಲ್ಲದೆ ಕೂರುತ್ತಿದ್ದೆವು. ಒಂದು ದಿನ ಪುಣೆಯಿಂದ ಗಿರಾಕಿಯೊಬ್ಬರು ಮಾತಾಡಿದರು. ಅವರು ಹುಟ್ಟಿದ್ದು ನಮ್ಮ ಕಡೆಯ ಕೆರೆಕಟ್ಟೆ ಎಂಬ ಊರಿನಲ್ಲಿ. ಮಾತು ಮುಗಿಯಿತು. ಅವರೂ ಇಡಲಿಲ್ಲ, ಇವರೂ ಇಡಲಿಲ್ಲ. "ನೀವು ಇಡಿ", "ಛೆ, ನೀವು ಮೊದಲು ಇಡಿ" ಎಂದು ಕಾಲು ಗಂಟೆ! ನಾನು ಹಣೆ ಚಚ್ಚಿಕೊಂಡು ಹಪ್ಪಳ ಕಟ್ಟಲು ಎದ್ದುಹೋದೆ.

ಆ ವರ್ಷ ದೀಪಾವಳಿಗೆ ಬೆಂಗಳೂರಿನ ಕಂಪನಿಯೊಂದು ತನ್ನ ನೌಕರರಿಗೆಲ್ಲ ನಮ್ಮ ಉಪ್ಪಿನಕಾಯಿ ಹಂಚುವ ಮನಸ್ಸು ಮಾಡಿತು. ದರಪಟ್ಟಿಯನ್ನು ಮಧ್ಯಾಹ್ನ ಮೂರರೊಳಗೆ ಮೇಲ್ ಮಾಡಬೇಕಿತ್ತು. "ಇದು ಸಿಕ್ಕಿದ್ರೆ ಎರಡನೇ ಲೈನು ಹಾಕಿಸೋಣ. ಸಿಗದಿದ್ರೆ ಕಂಪ್ಯೂಟರ್ ಮುಚ್ಚಿ ಮತ್ತೆ ಬೇಳೆ ತೂಗೋದೇ" ಎಂದು ಹೇಳಿ ಅವರು ಪಾರ್ಸೆಲ್ ಹಾಕಲು ಪೋಸ್ಟಾಫೀಸಿಗೆ ಹೋದರು.

ಎರಡೂಕಾಲಿಗೆ ನಾಗಪುರದ ಅಜ್ಜಿಯೊಬ್ಬರ ಫೋನು ಬಂತು. ಉಪ್ಪಿನಕಾಯಿ ಬಾಟಲಿ ದಾರಿಯಲ್ಲೇ ಒಡೆದಿತ್ತು. ಬೇರೆ ಕಳಿಸುತ್ತೇನೆ ಎಂದೆ. ಅಜ್ಜಿ ಬಿಡಬೇಕಲ್ಲ! ಹಾಸಿಗೆ ಹಿಡಿದ ಯಜಮಾನರು ಮಿಡಿಯ ರಸ ನಂಚದೆ ಗಂಜಿ ಮುಟ್ಟುವುದಿಲ್ಲವಂತೆ, ಮೂರು ದಿನದಿಂದ ಪೋಸ್ಟಿನವನ ದಾರಿ ಕಾದಿದ್ದರಂತೆ. ಗಡಿಯಾರ ಎರಡೂ ನಲವತ್ತು ತೋರಿಸುತ್ತಿತ್ತು. "ಆಮೇಲೆ ಏನಾಯ್ತು ಗೊತ್ತಾ ಮಗಾ…" ಎನ್ನುತ್ತಿರುವಾಗಲೇ ಫೋನ್ ಇಟ್ಟುಬಿಟ್ಟೆ.

ಇಂಟರ್ನೆಟ್ ಹಚ್ಚಿದೆ, ಮೋಡೆಮ್ ಕಿರುಗುಟ್ಟತೊಡಗಿತು. ಮೇಲ್ ಇನ್ನೂ ಅರ್ಧವಷ್ಟೇ ಹೋಗಿತ್ತು, ಅಷ್ಟರಲ್ಲಿ ಮಾಲೀಕರು ಒಳಗೆ ಬಂದರು.

"ಯಾರ ಫೋನಾದ್ರೂ ಬಂದಿತ್ತಾ?"

"ನಾಗಪುರದ ಅಜ್ಜಿ ಸಾರ್. ಮಾತು ನಿಲ್ಲಿಸ್ಲೇ ಇಲ್ಲ. ನಾನೇ ಇಟ್ಟೆ."

ಅವರ ಮುಖ ಸಪ್ಪಗಾಯಿತು. ಪಾರ್ಸೆಲ್ ಪುಸ್ತಕ ತೆರೆದು ನಂಬರ್ ಹುಡುಕಿ, ಸೀದಾ ರಿಸೀವರಿಗೆ ಕೈ ಹಾಕಿದರು.

"ಸಾರ್! ಬೇಡಿ! ಮೇಲ್ ಹೋಗ್ತಾ ಇದೆ!" ಎಂದು ಕಿರುಚಿದೆ.

"ಅದು ಕಾಯ್ತದೆ ಮಾರಾಯ್ತಿ. ಆ ಅಜ್ಜಿ ಮುಖಕ್ಕೆ ಬಾಗಿಲು ಹಾಕಿಸ್ಕೊಂಡು ನಿಂತಿದ್ದಾರೆ."

ರಿಸೀವರ್ ಎತ್ತಿದರು. ಇಂಟರ್ನೆಟ್ ಸತ್ತಿತು. ಮೂರೂ ಇಪ್ಪತ್ತರ ತನಕ ಅಜ್ಜಿಯ ಮಾತು ಕೇಳಿದರು. ಕಂಪನಿ ಕಾಯಲಿಲ್ಲ, ಬೇರೆಯವರಿಗೆ ಆರ್ಡರ್ ಕೊಟ್ಟಿತು.

"ಮನೆಗೆ ಮಾರಿ, ಊರಿಗೆ ಉಪಕಾರಿ ನೀವು! ನಾಳೆಯಿಂದ ನಾನು ಬರಲ್ಲ" ಎಂದು ಚೀಲ ಎತ್ತಿಕೊಂಡು ಹೊರಟೆ. ತಿರುವಿನಲ್ಲಿ ಸಿಟ್ಟಿನಿಂದಲೇ ಹಿಂದಿರುಗಿ ನೋಡಿದೆ. ಮಳೆ ಹನಿಯುತ್ತಿತ್ತು. ಮನುಷ್ಯ ಅಂಗಡಿಯ ಮೆಟ್ಟಿಲ ಮೇಲೆ ನಾನು ಮರೆಯಾಗುವುದನ್ನೇ ಕಾಯುತ್ತ ನಿಂತಿದ್ದರು. ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ? ಮರುದಿನ ಮುಖ ಊದಿಸಿಕೊಂಡೇ ಕೆಲಸಕ್ಕೆ ಹೋದೆ.

ಆ ಅಜ್ಜಿಯ ಕಡೆಯಿಂದ ಇಪ್ಪತ್ತು ಗಿರಾಕಿಗಳು ಬಂದರು ಎಂದು ಬರೆದರೆ ಕಥೆ ಚೆಂದವಾಗುತ್ತಿತ್ತು. ಒಬ್ಬರೂ ಬರಲಿಲ್ಲ. ಕುಂಟುತ್ತಾ ಇನ್ನೆರಡು ವರ್ಷ ನಡೆದು ಇಂಟರ್ನೆಟ್ ಅಂಗಡಿ ಮುಚ್ಚಿತು. ಅವರು ಮತ್ತೆ ಬೇಳೆ ತೂಗಿದರು. ನಾನು ಶಿವಮೊಗ್ಗದಲ್ಲಿ ಕೆಲಸ ಹಿಡಿದೆ. ಅಲ್ಲಿಯೂ ಫೋನಿನ ಕೆಲಸವೇ. ಗಿರಾಕಿಗಳು ನನ್ನನ್ನೇ ಕೇಳಿ ಮಾತಾಡುತ್ತಿದ್ದರು. ಯಾಕೆಂದು ಅಲ್ಲಿಯ ಮ್ಯಾನೇಜರಿಗೆ ಕೊನೆಗೂ ತಿಳಿಯಲಿಲ್ಲ. ನನಗೆ ತಿಳಿದಿತ್ತು.

ಒಂದು ಬೆಳಿಗ್ಗೆ ಆಫೀಸಿಗೆ ಫೋನು ಬಂತು. ಆಸ್ಪತ್ರೆಯ ಹಾಸಿಗೆಯಿಂದ ನಮ್ಮ ಹಳೆಯ ಮಾಲೀಕರು. ಉಸಿರು ಸಾಲುತ್ತಿರಲಿಲ್ಲ. ಆದರೂ ಮೊದಲು ಕೇಳಿದ್ದು, "ತಿಂಡಿ ಆಯ್ತಾ?"

ಏನೇನೋ ಮಾತಾಡಿದೆವು. ಅವರಿಗೆ ಕೆಮ್ಮು ಬಂತು. "ಸರಿ, ಇಡು ಮಾರಾಯ್ತಿ. ನಿಂಗೆ ಕೆಲಸ ಇರ್ತದೆ."

"ಇಲ್ಲ ಸಾರ್. ಈ ಸಲ ನೀವು ಮೊದಲು ಇಡಿ."

"ಎಂತ ಹಟ ನಿಂದು."

"ನೀವೇ ಕಲಿಸಿದ್ದಲ್ವಾ. ಹೊರಡಿ ಸಾರ್. ನಾನು ಜಗಲಿಯಲ್ಲೇ ನಿಂತಿರ್ತೇನೆ."

ಅವರು ನಕ್ಕಿದ್ದು ಕೇಳಿಸಿತು. ಆಮೇಲೆ ಆ ಕಡೆ ಫೋನ್ ಇಟ್ಟ ಸದ್ದಾಯಿತು. ಅವರು ನನಗಿಂತ ಮೊದಲು ಫೋನ್ ಇಟ್ಟದ್ದು ಅದೊಂದೇ ಸಲ. ನಾಲ್ಕನೆಯ ದಿನ ಹೋಗಿಬಿಟ್ಟರು.

ಅವರು ಫೋನ್ ಇಟ್ಟ ಆ ಬೆಳಿಗ್ಗೆ ನಾನು ಮಾತ್ರ ಇಡಲಿಲ್ಲ. ಬಲಗಿವಿ ಬಿಸಿಯಾಗುವ ತನಕ ಹಿಡಿದೇ ನಿಂತಿದ್ದೆ.