ಕಂಡಕ್ಟರಮ್ಮನ ಬಾವಿ

ಅರ್ಧ ಆಯುಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಮೇಲೂ ಬೀದಿಯವರಿಗೆ ಅವಳು ಕಂಡಕ್ಟರಮ್ಮನೇ. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಮನೆಮನೆಯ ಬಾವಿ ನೀರು ಪರೀಕ್ಷೆ ಮಾಡಿಸಲು ಜನ ಬೇಕೆಂದು ಆರೋಗ್ಯ ಕೇಂದ್ರದವರು ಕೇಳಿದಾಗ ಮೊದಲು ಕೈಯೆತ್ತಿದವಳು ಅವಳೇ. ಹೆಗಲಿಗೆ ಚೀಲ, ಚೀಲದ ತುಂಬ ಪುಟ್ಟ ಬಾಟಲಿಗಳು, ಬಾಯಲ್ಲಿ ಹಳೆಯ ದರ್ಪ.

ಬಾಟಲಿ ತುಂಬಿಸುವುದು ಟಿಕೆಟ್ ಹರಿದಷ್ಟು ಸಲೀಸಾಗಿರಲಿಲ್ಲ. ಮೂಲೆಮನೆಯಾಕೆ ಎಲ್ಲಿ ಮಾನ ಹೋಗುತ್ತದೋ ಎಂದು ನೀರನ್ನು ಕುದಿಸಿ, ಸೋಸಿ, ಆರಿಸಿ ಕೊಟ್ಟಳು.

"ನಿಮ್ಮ ಒಲೆ ಪರೀಕ್ಷೆ ಮಾಡೋಕೆ ಬಂದಿಲ್ಲ ಕಣಮ್ಮ, ಬಾವೀದು ಕೊಡಿ" ಎಂದು ಕಂಡಕ್ಟರಮ್ಮ ಅದನ್ನು ಗಿಡಕ್ಕೆ ಸುರಿದಳು.

ಎಲ್ಲರಿಗಿಂತ ಹೆಚ್ಚು ಹಟ ಹಿಡಿದವರು ಪಕ್ಕದ ಮನೆಯಲ್ಲಿದ್ದ ಭಾವ, ಅವಳ ಗಂಡನ ಅಣ್ಣ. ಕಸುಬಿನಲ್ಲಿ ದರ್ಜಿ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ನಮ್ಮಪ್ಪ ಇದೇ ನೀರು ಕುಡಿದು ತೊಂಬತ್ತು ವರ್ಷ ಗಟ್ಟಿಮುಟ್ಟಾಗಿದ್ರು" ಎಂದರು.

"ಮಾವ ದಿನಾ ಸಿಗರೇಟೂ ಸೇದ್ತಿದ್ರು ಭಾವ. ಅದನ್ನೂ ಮಕ್ಕಳಿಗೆಲ್ಲ ಹಂಚೋಣ್ವಾ?"

ಭಾವ ಮುಖ ಊದಿಸಿಕೊಂಡೇ ಬಾವಿಗೆ ಬಕೆಟ್ ಇಳಿಬಿಟ್ಟರು.

ಬೀದಿಯವರನ್ನೆಲ್ಲ ಸೇರಿಸಿದ ಸಭೆಯಲ್ಲಿ ಫಲಿತಾಂಶ ಓದುವ ಕೆಲಸವೂ ಅವಳ ಪಾಲಿಗೇ ಬಂತು. "ನೀರು ತಿಳಿಯಾಗಿದ್ರೆ, ಸಿಹಿಯಾಗಿದ್ರೆ ಸಾಲದು. ರೋಗಾಣುಗೆ ಬಣ್ಣಾನೂ ಇಲ್ಲ, ರುಚೀನೂ ಇಲ್ಲ" ಎಂದು ಪಾಠ ಹೇಳಿ ಹಾಳೆ ಬಿಡಿಸಿದಳು. ಭಾವನ ಬಾವಿ ಪಾಸು. ಮುಂದಿನದು ಅವಳದೇ. ಆ ಸಾಲನ್ನು ತನಗಷ್ಟೇ ಕೇಳುವಂತೆ ಗೊಣಗಿದಳು.

"ಕೇಳಿಸ್ಲಿಲ್ಲ" ಎಂದರು ಭಾವ, ಮುಂದಿನ ಸಾಲಿನಲ್ಲೇ ಕೂತು.

"ನನ್ನ ಬಾವೀಲಿ ಮಲದ ರೋಗಾಣು ಇದೆ. ಕುದಿಸದೆ ಕುಡೀಬಾರದು" ಎಂದಳು, ಈ ಸಲ ಬೀದಿಗೂ ಕೇಳುವಂತೆ.

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಸಭೆ ಮುಗಿಯುತ್ತಲೇ, ಅದುವರೆಗೆ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರೆಲ್ಲ ಬಾಟಲಿ ಕೇಳಿ ಮುತ್ತಿಕೊಂಡರು.

"ನಿಮ್ದೇ ಹಿಂಗಾದ್ಮೇಲೆ ನಮಗೇನು ನಾಚಿಕೆ ಬಿಡಿ" ಎಂದ ಬೇಕರಿಯವನ ಮುಖದಲ್ಲಿ ಎಂಥ ನಿರಾಳ! ಚೀಲ ಖಾಲಿಯಾಯಿತು.

ಹುಡುಕಿದರೆ, ಶೌಚಾಲಯದ ಪೈಪು ಬಿರುಕು ಬಿಟ್ಟು ಬಾವಿಯತ್ತ ಜಿನುಗುತ್ತಿತ್ತು. ಪೈಪು ಬದಲಾಯಿಸಿ, ಬಾವಿ ಬರಿದು ಮಾಡಿ, ಬ್ಲೀಚಿಂಗ್ ಪುಡಿ ಹಾಕಿಸಿದ್ದಾಯಿತು. ಅಷ್ಟು ದಿನವೂ ಭಾವ ಬೆಳಿಗ್ಗೆ ಬಿಂದಿಗೆ ಹೊತ್ತು ಬರುತ್ತಿದ್ದರು. "ತಗೋಮ್ಮ, ಪಾಸಾಗಿರೋ ನೀರು" ಎಂದು ಶುರುವಾದರೆ ಕುಡಿಯುವ ನೀರಿನ ಬಗ್ಗೆ ಅವಳದೇ ಭಾಷಣವನ್ನು ಅವಳಿಗೇ ಒಪ್ಪಿಸುತ್ತಿದ್ದರು. ಅವಳು ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತಿದ್ದಳು.

ಎರಡನೇ ಪರೀಕ್ಷೆಯಲ್ಲಿ ಅವಳ ಬಾವಿಯೂ ಪಾಸಾಯಿತು. ಭಾವ "ಒಳ್ಳೇದಾಯ್ತು" ಅಂದರು, ಮುಖ ಮಾತ್ರ ಸಪ್ಪಗಾಯಿತು. ಮರುದಿನವೂ ಅಭ್ಯಾಸಬಲದಿಂದ ಬಿಂದಿಗೆ ಹಿಡಿದು ಬಂದು, ಬಾಗಿಲಲ್ಲಿ ನೆನಪಾಗಿ ಪೆಚ್ಚಾಗಿ ನಿಂತರು.

"ಇಲ್ಲಿ ಕೊಡಿ ಭಾವ, ಎಷ್ಟೊತ್ತು ಹೊತ್ಕೊಂಡು ನಿಲ್ತೀರಾ" ಎಂದು ಅವಳು ಬಿಂದಿಗೆ ಇಳಿಸಿಕೊಂಡಳು.