ಶೆಟ್ಟರಿಗೆ ಓದಿ ಹೇಳಬಾರದಾಗಿದ್ದ ಪತ್ರ

ಇವತ್ತು ನಮ್ಮ ಬ್ಯಾಂಕಿರುವ ಫತೇಗಂಜ್‌ನ ಶೆಟ್ಟರ ಹೋಟೆಲಿಗೆ ತಿಂಡಿ ತಿನ್ನಲು ಹೋದವನು ಇಂಗ್ಲಿಷಿನಲ್ಲಿ ಪತ್ರ ಬರೆದು ಬಂದೆ, ಮಾರಾಯ್ರೆ. ಬ್ಯಾಂಕಿನವರಿಗೆ ಇಂಗ್ಲಿಷ್ ಬರುತ್ತದೆಂದು ಶೆಟ್ಟರ ನಂಬಿಕೆ.

ಶೆಟ್ಟರಲ್ಲಿ ದೋಸೆ ಹಾಕುವ ಸದಾಶಿವನನ್ನು ಲಂಡನ್ನಿನ ಪಟೇಲರೊಬ್ಬರು ತಮ್ಮ ಹೋಟೆಲಿಗೆ ಕರೆದಿದ್ದಾರೆ. ಇಂಥ ಕೆಲಸಗಾರ ಬ್ರಿಟನ್ನಿನಲ್ಲೇ ಸಿಗುವುದಿಲ್ಲವೆಂದು ಅಲ್ಲಿನ ಸರ್ಕಾರಕ್ಕೆ ತೋರಿಸಿದರೆ ಮಾತ್ರ ವರ್ಕ್ ಪರ್ಮಿಟ್. ಅದಕ್ಕೆ ಇಲ್ಲಿನ ಧಣಿಯ ಅನುಭವ ಪತ್ರ ಬೇಕು. ಎಂಟು ವರ್ಷ ದಿನವೂ "ಇದು ದೋಸೆಯಾ, ಚಪ್ಪಲಿಯಾ?" ಎಂದು ಬೈದ ಅದೇ ಧಣಿಯದು.

ನಾನು ಧಾರಾಳವಾಗಿ ಹೊಗಳಿದೆ. ಇವನ ಕೈಗುಣ ಅಪರೂಪದ್ದು, ಇವನ ಜಾಗಕ್ಕೆ ಇನ್ನೊಬ್ಬ ಸಿಗುವುದಿಲ್ಲ ಎಂದೆಲ್ಲ ಬರೆದು, ಶೆಟ್ಟರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಇದು ಸುಳ್ಳಾದ್ರೆ ನಾನು ಸಹಿ ಹಾಕುದು ತಪ್ಪು. ನಿಜ ಆದ್ರೆ ಇವನನ್ನು ಬಿಡುದು ತಪ್ಪು."

ದೋಸೆ ಕಾವಲಿಯ ಹತ್ತಿರ ನಿಂತಿದ್ದ ಸದಾಶಿವ ಮೆಲ್ಲಗೆ ಹೇಳಿದ, "ಸಾರ್, ಸ್ವಲ್ಪ ಕಮ್ಮಿ ಹೊಗಳ್ಬೇಕಿತ್ತು."

ನಾಳೆ ಇನ್ನೊಂದು ಪತ್ರ ಬರೆಯಬೇಕು. ಅದನ್ನು ಓದಿದರೆ ಬ್ರಿಟನ್ನಿಗೆ ಇವನು ಬೇಕೇ ಬೇಕು ಎನಿಸಬೇಕು, ಶೆಟ್ಟರಿಗೆ ಹೋದರೆ ಹೋಗಲಿ ಎನಿಸಬೇಕು. ಚಪ್ಪಲಿಯಂಥ ದೋಸೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳುವುದು ಹೇಗೆಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ.